ಓದುಗರ ಪ್ರಶ್ನೆ: ಪಕ್ಕದೂರ ಗುಡ್ಡೆಗೆ ಬೆಂಕಿ ಬಿದ್ದಾಗ

ಮುಳಿಹುಲ್ಲು ಒಣಗಿ ನಿಂತಿದೆ. ಈ ಸಲ ಬಂದ ಪತ್ರಗಳಲ್ಲಿ ಕಾಡ್ಗಿಚ್ಚಿನ ಬಗ್ಗೆ ಬರೆದವರೇ ಹೆಚ್ಚು. ಅವರಲ್ಲಿ ಬಹಳಷ್ಟು ಮಂದಿ ಕೇಳಿರುವುದು ತಮ್ಮ ಗುಡ್ಡೆಯ ಬೆಂಕಿಯ ಮಾತಲ್ಲ, ನೆರೆಯೂರಿನವರ ಮತ್ತು ಘಟ್ಟದ ಮೇಲಿನವರ ಬೆಂಕಿಗೆ ಹೇಗೆ ಕೈಜೋಡಿಸುವುದು ಎಂದು. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮ ಯುವಕ ಮಂಡಲದಲ್ಲಿ 18 ಮಂದಿ ಇದ್ದೇವೆ. ಪಕ್ಕದ ಪಂಚಾಯತಿನ ಗುಡ್ಡೆಗೆ ಬೆಂಕಿ ಬಿದ್ದಾಗ ಎಲ್ಲರೂ ಓಡಿ ಹೋದೆವು. ಅಲ್ಲಿ ಏನು ಮಾಡಬೇಕೆಂದು ಹೇಳುವವರೇ ಇರಲಿಲ್ಲ. ತಲೆಗೊಂದು ದಿಕ್ಕಿಗೆ ಹೋಗಿ ಸುಸ್ತಾಗಿ ಬಂದೆವು. ಈ ವರ್ಷ ಸರಿಯಾಗಿ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು? (ಹೆಬ್ರಿ)

ಉತ್ತರ: ನೆರೆಯವರಿಗಾಗಿ ಓಡಿದ್ದು ಒಳ್ಳೆಯದೇ. ಆದರೆ ಯಾರ ಲೆಕ್ಕಕ್ಕೂ ಸಿಗದೆ ಗುಡ್ಡೆ ಹತ್ತಿದ್ದು ಅಪಾಯ. ಗಾಳಿ ತಿರುಗಿದರೆ ನಿಮ್ಮನ್ನು ಹುಡುಕಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಕೆಲಸ ಬೆಂಕಿಯ ದಿನ ಶುರುವಾಗಬಾರದು, ಜನವರಿಯಲ್ಲೇ ಶುರುವಾಗಬೇಕು.

ಒಂದು ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರು, ವಯಸ್ಸು, ಫೋನ್, ರಕ್ತದ ಗುಂಪು, ಮನೆಯವರ ಫೋನ್, ಯಾರಿಗೆ ಯಾವ ಗುಡ್ಡೆಯ ದಾರಿ ಗೊತ್ತು, ಯಾರಲ್ಲಿ ಯಾವ ವಾಹನ, ಎಷ್ಟು ಕತ್ತಿ, ಹಾರೆ, ಪಿಕ್ಕಾಸು ಇದೆ ಎಂದು ಬರೆಯಿರಿ. ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ, ಒಂದು ಪಂಚಾಯತ್ ಕಚೇರಿಗೆ, ಒಂದು ಅಗ್ನಿಶಾಮಕ ಠಾಣೆಗೆ ಕೊಡಿ. ನಿಮ್ಮ ಕಡೆ ಇನ್ನೊಂದು ತೊಡಕಿದೆ. ಸೋಮೇಶ್ವರ ಅಭಯಾರಣ್ಯ ಕಾರ್ಕಳದಲ್ಲಿ ಕಚೇರಿ ಇರುವ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ್ದು. ಅದಕ್ಕೆ ತಾಗಿದ ಮೀಸಲು ಅರಣ್ಯ, ಕುಮ್ಕಿ (ಸಾಗುವಳಿ ಜಮೀನಿಗೆ ತಾಗಿದ, ರೈತರು ಸೊಪ್ಪು ಸೌದೆಗೆ ಬಳಸುವ ಸರಕಾರಿ ಜಾಗ), ಖಾಸಗಿ ತೋಟಗಳಿಗೆ ಬೇರೆ ಬೇರೆ ಯಜಮಾನರು. ಯಾವ ಗುಡ್ಡೆ ಯಾರದ್ದು ಎಂದು ಈಗಲೇ ಕೇಳಿ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಿ. ಹೊಗೆ ಎದ್ದ ಮೇಲೆ ಇದನ್ನು ಕೇಳುತ್ತ ಕೂತರೆ ಅರ್ಧ ಗಂಟೆ ಹೋಗುತ್ತದೆ.

18 ಮಂದಿಯನ್ನು ಆರಾರು ಜನರ ಮೂರು ಗುಂಪು ಮಾಡಿ, ಒಂದೊಂದಕ್ಕೆ ಒಬ್ಬ ಮುಂದಾಳು ಇರಲಿ. ಹೊಗೆಯಲ್ಲಿ ಒಬ್ಬರ ಕಣ್ಣಳತೆಗೆ ಐದು ಮಂದಿ ಸರಿಯಾದ ಲೆಕ್ಕ, ಏಳು ದಾಟಿದರೆ ಯಾರೋ ಒಬ್ಬರು ತಪ್ಪಿಹೋಗುತ್ತಾರೆ. ಕರೆ ಬಂದಾಗ ಎರಡು ಗುಂಪು ಹೋಗಲಿ, ಮೂರನೆಯದು ಊರಲ್ಲೇ ಉಳಿಯಲಿ. ಪಕ್ಕದ ಗುಡ್ಡೆ ಒಣಗಿದ ದಿನ ನಿಮ್ಮದೂ ಅಷ್ಟೇ ಒಣಗಿರುತ್ತದೆ. ನೆರವಿಗೆಂದು ಊರು ಬರಿದು ಮಾಡಿ ಹೋದವರು ಮರಳಿ ಬರುವಾಗ ಸ್ವಂತ ಗೇರುತೋಟ ಉರಿಯುತ್ತಿದ್ದರೆ ಯಾರಿಗೂ ಲಾಭವಿಲ್ಲ.

ಅಲ್ಲಿಗೆ ತಲುಪಿದೊಡನೆ ಬೆಂಕಿಯ ಕಡೆ ಹೋಗಬೇಡಿ, ಅಲ್ಲಿನ ಹೊಣೆ ಹೊತ್ತ ಒಬ್ಬರ ಬಳಿಗೆ ಹೋಗಿ. ಹೆಸರು ಬರೆಸಿ ಒಳಗೆ ಹೋಗಬೇಕು, ಹೊರಗೆ ಬಂದಾಗ ಹೆಸರು ಹೊಡೆಸಬೇಕು. ಗುಂಪಿಗೊಬ್ಬ ಆ ಊರಿನ ದಾರಿಗಾರನನ್ನು ಕೇಳಿ ಪಡೆಯಿರಿ. ತೋಡು ಎಲ್ಲಿ, ಕಡಿದಾದ ಬಂಡೆ ಎಲ್ಲಿ, ಹಳೆಯ ಕಲ್ಲು ಕೋರೆಯ ಹೊಂಡ ಎಲ್ಲಿ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಎಷ್ಟೇ ಅನುಭವ ಇರುವ ದಳವಾದರೂ ಪರಊರಿನ ಕಾಡಿನಲ್ಲಿ ಹೊಸಬರೇ.

ಹತ್ತುವ ಮೊದಲು ನಾಲ್ಕು ಮಾತು ಖಚಿತವಾಗಬೇಕು: ಬೆಂಕಿಯ ಮೇಲೆ ಕಣ್ಣಿಟ್ಟು ನಿಲ್ಲುವವರು ಯಾರು, ಅವರ ಮಾತು ನಮಗೆ ತಲುಪುವುದು ಹೇಗೆ, ತಪ್ಪಿಸಿಕೊಳ್ಳುವ ದಾರಿ ಯಾವುದು, ಓಡಿ ಹೋಗಿ ನಿಲ್ಲುವ ಸುರಕ್ಷಿತ ಜಾಗ ಎಲ್ಲಿ. ಅಮೆರಿಕದ ಕಾಡ್ಗಿಚ್ಚು ದಳದ ಪಾಲ್ ಗ್ಲೀಸನ್ 1991ರಲ್ಲಿ ಇದನ್ನು ಈ ನಾಲ್ಕು ಅಂಶಕ್ಕೆ ಇಳಿಸಿದರು. ಇಂದಿಗೂ ಅಲ್ಲಿನ ತರಬೇತಿಯಲ್ಲಿ ಇದೇ ಪಾಠ. ನಾಲ್ಕರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಹತ್ತಬೇಡಿ, ಯಾರು ಬೈದರೂ ಸರಿ. ಹುಲ್ಲುಗುಡ್ಡೆಯಲ್ಲಿ ಚೆನ್ನಾಗಿ ಉರಿದು ತಣಿದ ಕರಿನೆಲವೇ ಹೆಚ್ಚಿನ ಸಲ ಹತ್ತಿರದ ಸುರಕ್ಷಿತ ಜಾಗ.

ಈಗ ಕೆಲಸ. ಬೆಂಕಿಯ ಎದುರಿಗೆ ನಿಲ್ಲಬಾರದು, ಅದರ ಮೇಲ್ಬದಿಗೆ ಏರಲೇಬಾರದು. ಇಳಿಜಾರು 10 ಡಿಗ್ರಿ ಹೆಚ್ಚಾದಂತೆ ಏರುಬೆಂಕಿಯ ವೇಗ ಸುಮಾರಾಗಿ ಎರಡರಷ್ಟಾಗುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಬಿದ್ದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ರಸ್ತೆ, ತೋಡು, ಸುಟ್ಟು ತಣಿದ ನೆಲ, ಇಂಥ ಗಟ್ಟಿ ಜಾಗದಿಂದ ಆರಂಭಿಸಿ ಬೆಂಕಿಯ ಪಕ್ಕೆ ಹಿಡಿದು ಮುಂದುವರಿಯಿರಿ. ಒಬ್ಬರಿಗೂ ಇನ್ನೊಬ್ಬರಿಗೂ ಮೂರು ಮೀಟರ್ ಅಂತರ ಇರಲಿ, ಇಲ್ಲದಿದ್ದರೆ ಬೆಂಕಿಗಿಂತ ಮೊದಲು ಕತ್ತಿಯೇಟು ಬೀಳುತ್ತದೆ. ಹಸಿಸೊಪ್ಪನ್ನು ಎತ್ತಿ ಬಡಿದರೆ ಕಿಡಿ ಒಣಹುಲ್ಲಿಗೆ ಹಾರುತ್ತದೆ. ಒತ್ತಿ ಹಿಡಿದು ಸುಟ್ಟ ಕಡೆಗೆ ಎಳೆಯಬೇಕು. ಜ್ವಾಲೆ ಸೊಂಟದೆತ್ತರ, ಅಂದರೆ ಸುಮಾರು 1.2 ಮೀಟರ್ ದಾಟಿತೋ, ಕೈಯಿಂದ ಬಡಿಯುವ ಕಾಲ ಮುಗಿಯಿತು. ಹಿಂದೆ ಸರಿದು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹೆರೆದ ಪಟ್ಟಿ, ಬಿಡಿಸಬೇಕು. ರೇಖೆಯ ಅಗಲ ಅಲ್ಲಿನ ಹುಲ್ಲು ಪೊದೆಯ ಎತ್ತರದ ಒಂದೂವರೆ ಪಟ್ಟಿಗಿಂತ ಕಡಿಮೆ ಇರಬಾರದು. ಆಳುದ್ದ ಮುಳಿಹುಲ್ಲಿಗೆ ಎರಡೂವರೆ ಮೂರು ಮೀಟರ್ ಬೇಕು, ಮಣ್ಣು ಕಾಣುವವರೆಗೆ ಹೆರೆಯಬೇಕು. ತರಗೆಲೆ ಗುಡಿಸಿ ಬೇರು ಬಿಟ್ಟರೆ ಸಾಲದು, ಬೆಂಕಿ ಬೇರಿನೊಳಗೆ ನುಸುಳಿ ಆಚೆ ಬದಿಯಲ್ಲಿ ಏಳುತ್ತದೆ. ಬೆಂಕಿಯ ಕೆಳಬದಿಯಲ್ಲಿ ರೇಖೆ ತೆಗೆಯುವುದಾದರೆ ಕಾಲುವೆಯಂತೆ ಅಗೆದು ಮಣ್ಣನ್ನು ಕೆಳದಂಡೆಗೆ ಏರಿಸಿ. ಉರುಳಿ ಬರುವ ಕೊಳ್ಳಿ ಅಲ್ಲಿ ನಿಲ್ಲಬೇಕು.

ಕರಾವಳಿಯ ಗಾಳಿಯ ಲೆಕ್ಕವನ್ನೂ ಮರೆಯಬೇಡಿ. ಬೆಳಗ್ಗೆ ಮೂಡುಗಾಳಿ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಪಡುಗಾಳಿ ಎದ್ದು ಬೆಂಕಿಯನ್ನು ಘಟ್ಟದ ಕಡೆಗೆ ತಳ್ಳುತ್ತದೆ. ಬೆಳಗ್ಗೆ ಬೆಂಕಿಯ ಬಾಲವಾಗಿದ್ದ ಬದಿ ಮಧ್ಯಾಹ್ನ ತಲೆಯಾಗಬಹುದು. ಪಡುಗಾಳಿ ತಡವಾಗಿ, ಒಣ ಮೂಡುಗಾಳಿಯೇ ಮಧ್ಯಾಹ್ನದವರೆಗೆ ಬೀಸುವ ದಿನಗಳು ಇನ್ನೂ ಕೆಟ್ಟವು. ಅಂದು ತೇವ ಇಳಿದು ಹುಲ್ಲು ಮದ್ದಿನಂತೆ ಹೊತ್ತುತ್ತದೆ.

ಬೆಂಕಿ ನಂದಿದಂತೆ ಕಂಡ ಮೇಲೆ ಅರ್ಧ ಕೆಲಸ ಉಳಿದಿರುತ್ತದೆ. ಅಂಚಿನಿಂದ ಒಳಕ್ಕೆ ಬರುತ್ತ ಮರದ ಬುಡ, ಬಿದ್ದ ದಿಮ್ಮಿ, ಗೆದ್ದಲು ಹಿಡಿದ ಬೊಡ್ಡೆ ನೋಡಬೇಕು. ಹಿಂಗೈಯನ್ನು ಹತ್ತಿರ ಹಿಡಿದರೆ ಕಣ್ಣಿಗೆ ಕಾಣದ ಕಾವು ಗೊತ್ತಾಗುತ್ತದೆ. ಹೊರಗಿನಿಂದ ಬಂದ ಗುಂಪು ಹೊರಡುವಾಗ ಎಲ್ಲೆಲ್ಲಿ ಹೊಗೆಯಾಡುತ್ತಿದೆ ಎಂದು ಆ ಊರಿನವರನ್ನು ಕರೆದುಕೊಂಡು ಹೋಗಿ ತೋರಿಸಿಯೇ ಹೊರಡಬೇಕು. "ಅಲ್ಲಿ ಮೇಲೆ ಎರಡು ಕಡೆ" ಎಂದು ಫೋನಿನಲ್ಲಿ ಹೇಳಿದ್ದು ರಾತ್ರಿ ಯಾರಿಗೂ ಸಿಗುವುದಿಲ್ಲ.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಬೆಂಕಿ ಕಂಡರೆ ಯಾವ ಜಿಲ್ಲೆಯವರಿಗೆ ಹೇಳಬೇಕು? ಕೆಳಗಿನವರು ಮೇಲಿನವರದ್ದು ಎನ್ನುತ್ತಾರೆ, ಮೇಲಿನವರು ಕೆಳಗಿನದ್ದು ಎನ್ನುತ್ತಾರೆ. (ಉಜಿರೆ)

ಉತ್ತರ: ಎರಡೂ ಕಡೆಗೆ ಹೇಳಿ. ಘಾಟಿಯ ಕೆಳಭಾಗ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕು, ಮೇಲ್ಭಾಗ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲೂಕು. ಬೆಂಕಿಗೆ ಸರ್ವೆ ಕಲ್ಲು ಕಾಣುವುದಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926, ಅಗ್ನಿಶಾಮಕ ಮತ್ತು ಪೊಲೀಸರಿಗೆ 112. ಹೇಳುವಾಗ "ಘಾಟಿಯಲ್ಲಿ ಬೆಂಕಿ" ಎಂದರೆ ಉಪಯೋಗವಿಲ್ಲ. ಎಷ್ಟನೆಯ ತಿರುವು, ರಸ್ತೆಯ ಮೇಲ್ಬದಿಯೋ ಕೆಳಬದಿಯೋ, ಹುಲ್ಲೋ ಮರಗಾಡೋ, ಹೊಗೆ ಯಾವ ದಿಕ್ಕಿಗೆ ಬಾಗುತ್ತಿದೆ, ನೀರಿನ ಗಾಡಿ ಎಲ್ಲಿಯವರೆಗೆ ಬರಬಹುದು ಎಂದು ಹೇಳಿ. ಫೋನಿನ ಲೊಕೇಶನ್ ಕಳಿಸಿದರೆ ಅದು ನೀವು ನಿಂತ ಜಾಗ, ಬೆಂಕಿಯ ಜಾಗವಲ್ಲ. ಈ ಗೊಂದಲದಿಂದ ಗಾಡಿಗಳು ತಪ್ಪು ಕಣಿವೆಗೆ ಹೋಗುತ್ತವೆ.

ಉಪಗ್ರಹದವರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರಬೇಡಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಬೆಂಕಿಯ ಎಚ್ಚರಿಕೆ ಕಳಿಸುತ್ತದೆ, ಹೆಸರು ನೋಂದಾಯಿಸಿದರೆ ಸಾರ್ವಜನಿಕರ ಮೊಬೈಲಿಗೂ ಬರುತ್ತದೆ. ಆದರೆ ಅದರ ಒಂದು ಚುಕ್ಕೆ 375 ಮೀಟರ್ ಅಗಲದ್ದು, ಮತ್ತು ಉಪಗ್ರಹ ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಹಾಗೂ ರಾತ್ರಿ 1.30ರ ಸುಮಾರಿಗೆ. ಮೂರು ಗಂಟೆಗೆ ಹೊತ್ತಿದ್ದನ್ನು ಮೊದಲು ಕಾಣುವುದು ನಿಮ್ಮ ಕಣ್ಣೇ.

ಪ್ರಶ್ನೆ: ನಮ್ಮಲ್ಲಿ ಅಡಿಕೆಗೆ ಮದ್ದು ಬಿಡುವ ಎಚ್‌ಟಿಪಿ ಪಂಪ್ ಹತ್ತಾರು ಮನೆಗಳಲ್ಲಿ ಇದೆ. ಟ್ಯಾಂಕರ್ ಇರುವವರೂ ಇದ್ದಾರೆ. ಇವನ್ನು ಪಕ್ಕದ ಊರಿನ ಬೆಂಕಿಗೆ ಬಳಸಬಹುದೇ? (ಅಜೆಕಾರು)

ಉತ್ತರ: ಖಂಡಿತ ಬಳಸಬಹುದು. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳ ದೊಡ್ಡ ಬಲವೇ ಇದು. ಅಡಿಕೆಗೆ ಬಿಡುವ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣದ ಕೆಲಸ ಮಳೆಗಾಲದ್ದು, ಫೆಬ್ರವರಿ ಮಾರ್ಚಿನಲ್ಲಿ ಪಂಪುಗಳು ಸುಮ್ಮನೆ ಕೂತಿರುತ್ತವೆ. ಒಂದೊಂದು ಪಂಪ್ ಮಾದರಿಗೆ ತಕ್ಕಂತೆ ನಿಮಿಷಕ್ಕೆ 15ರಿಂದ 30 ಲೀಟರ್ ಬಿಡುತ್ತದೆ, ನೂರು ಮೀಟರ್ ಪೈಪ್ ಎಳೆದರೂ ಒತ್ತಡ ಉಳಿಯುತ್ತದೆ. ದೊಡ್ಡ ಅಗ್ನಿಶಾಮಕ ವಾಹನ ಏರದ ತೋಟದ ದಾರಿಗೆ ಪಿಕಪ್ಪಿನಲ್ಲಿ ಪಂಪ್ ಮತ್ತು ಡ್ರಮ್ಮು ಹೋಗುತ್ತವೆ.

ಆದರೆ ಲೆಕ್ಕ ಹಾಕಿ. 200 ಲೀಟರಿನ ಡ್ರಮ್ಮು ನಿಮಿಷಕ್ಕೆ 20 ಲೀಟರಿನಂತೆ 10 ನಿಮಿಷಕ್ಕೆ ಖಾಲಿ. ನೀರು ತುಂಬಿಸಿ ತರುವ ಸುತ್ತು 40 ನಿಮಿಷದ್ದಾದರೆ, ಒಂದು ಪಂಪ್ ನಿರಂತರ ಓಡಲು ಅಂಥ ಐದು ಡ್ರಮ್ಮು ಬೇಕು. ಆದ್ದರಿಂದ ಉರಿಯುವ ತಲೆಗೆ ನೀರು ಸುರಿಯಬೇಡಿ. ಬೆಂಕಿ ರೇಖೆಯ ಅಂಚು ನೆನೆಸುವುದಕ್ಕೂ ನಂದಿದ ಮೇಲೆ ಬೊಡ್ಡೆ ತಣಿಸುವುದಕ್ಕೂ ಅದನ್ನು ಉಳಿಸಿ. ಮದ್ದಿನ ಡ್ರಮ್ಮನ್ನು ಎರಡು ಮೂರು ಸಲ ತೊಳೆಯಿರಿ. ಅಡಿಯಲ್ಲಿ ಕೂತ ಸುಣ್ಣದ ಗಸಿ ನಾಜಲ್ ಕಟ್ಟಿಸುತ್ತದೆ. ಕಳೆನಾಶಕ ಬಿಟ್ಟ ಡ್ರಮ್ಮು ಮಾತ್ರ ಬೇಡವೇ ಬೇಡ.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಜೋಡಣೆ. ಅಗ್ನಿಶಾಮಕದವರ ಹೋಸು 63 ಮಿಲಿಮೀಟರಿನದ್ದು, ತಳ್ಳಿದರೆ ಕೂರುವ ಕಪ್ಲಿಂಗ್. ನಿಮ್ಮ ಟ್ಯಾಂಕರಿನ ಬಾಯಿ ಎರಡಿಂಚಿನ ಗೇಟ್‌ವಾಲ್ವೋ, ಮರೆ (ಥ್ರೆಡ್) ಸುತ್ತಿದ ಪಿವಿಸಿಯೋ ಆಗಿರುತ್ತದೆ. ಸಾವಿರಾರು ಲೀಟರ್ ನೀರು ಪಕ್ಕದಲ್ಲೇ ನಿಂತಿದ್ದರೂ ಕೂಡಿಸಲು ಆಗುವುದಿಲ್ಲ. ನೆರವಿನ ಚರಿತ್ರೆಯಲ್ಲಿ ಈ ತಪ್ಪು ಹಳೆಯದು. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರ ಉರಿಯುವಾಗ ವಾಷಿಂಗ್ಟನ್, ಫಿಲಡೆಲ್ಫಿಯಾಗಳಿಂದ ದಳಗಳು ಬಂದವು. ಅವರ ಹೋಸಿನ ಮರೆ ಅಲ್ಲಿನ ನೀರಿನ ಬಾಯಿಗೆ ಕೂರಲಿಲ್ಲ, 1,500ಕ್ಕೂ ಹೆಚ್ಚು ಕಟ್ಟಡಗಳು ಹೋದವು. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳ ಬೆಂಕಿಯಲ್ಲಿ 25 ಮಂದಿ ಸತ್ತರು. ಅಲ್ಲೂ ಆ ಊರಿನ ನೀರಿನ ಬಾಯಿ ಮೂರಿಂಚು, ನೆರವಿಗೆ ಬಂದವರದ್ದು ಎರಡೂವರೆ ಇಂಚು.

ಹಾಗಾಗಿ ಈ ತಿಂಗಳೇ ಒಂದು ಭಾನುವಾರ ಟ್ಯಾಂಕರನ್ನು ಹತ್ತಿರದ ಅಗ್ನಿಶಾಮಕ ಠಾಣೆಗೆ ಒಯ್ದು, ಅವರನ್ನು ಕೇಳಿ ಜೋಡಿಸಿ ನೋಡಿ. ಕೂರದಿದ್ದರೆ ಅಳತೆ ತೆಗೆದು ಮಂಗಳೂರಿನಲ್ಲೋ ಉಡುಪಿಯಲ್ಲೋ ಲೇತಿನವರಲ್ಲಿ ಅಡಾಪ್ಟರ್ ಮಾಡಿಸಿ, ಟ್ಯಾಂಕರಿಗೆ ಸರಪಳಿಯಲ್ಲಿ ಕಟ್ಟಿಡಿ. ಡ್ರೈವರನ ಸೀಟಿನಡಿ ಇಟ್ಟದ್ದು ಬೇಕಾದ ದಿನ ಸಿಗುವುದಿಲ್ಲ. ಅಡಾಪ್ಟರ್ ಇಲ್ಲದೆಯೂ ಒಂದು ದಾರಿ ಇದೆ: ಟಾರ್ಪಾಲು ಹಾಸಿದ ಗುಂಡಿಗೆ ಟ್ಯಾಂಕರಿನ ನೀರು ಬಿಡಿ, ಎಲ್ಲರೂ ಅದರಿಂದ ಹೀರಿಕೊಳ್ಳಲಿ. ಟ್ಯಾಂಕರ್ ಕಾಯುತ್ತ ನಿಲ್ಲದೆ ಮುಂದಿನ ಸುತ್ತಿಗೆ ಹೋಗಬಹುದು.

ಪ್ರಶ್ನೆ: ಬೇರೆ ದೇಶಗಳಲ್ಲಿ ಒಂದು ರಾಜ್ಯದ ಬೆಂಕಿಗೆ ಇನ್ನೊಂದು ರಾಜ್ಯದ ದಳ ಹೋಗುತ್ತದಂತೆ. ಅದು ಹೇಗೆ ನಡೆಯುತ್ತದೆ? ನಮ್ಮಲ್ಲಿ ಅಂಥದ್ದು ಇದೆಯೇ? (ಮಣಿಪಾಲ)

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ ಊರು ಊರುಗಳ ನಡುವೆ ಪರಸ್ಪರ ನೆರವಿನ ಒಪ್ಪಂದ 1950ರಿಂದಲೇ ಇದೆ. ಅಲ್ಲಿ ಬಿಡಿ ಗಾಡಿ ಕಳಿಸುವುದಿಲ್ಲ. ಒಂದೇ ಬಗೆಯ ಐದು ಗಾಡಿ, ಒಬ್ಬ ಮುಂದಾಳು, ಇಷ್ಟು ಸೇರಿದ ಒಂದು ತುಕಡಿಯನ್ನೇ ಕಳಿಸುತ್ತಾರೆ. ಕೇಳಿದವರಿಗೆ ಏನು ಬರುತ್ತದೆ ಎಂದು ಮೊದಲೇ ಗೊತ್ತು. ದೇಶದ ಮಟ್ಟದಲ್ಲಿ ಐಡಹೋ ರಾಜ್ಯದ ಬಾಯ್ಸಿಯಲ್ಲಿ ಒಂದು ಕೇಂದ್ರವಿದೆ. ಅದು ಇಡೀ ದೇಶದ ಸನ್ನದ್ಧತೆಯನ್ನು 1ರಿಂದ 5ರವರೆಗೆ ಅಳೆಯುತ್ತದೆ. 5 ಎಂದರೆ ಕಳಿಸಲು ಹೆಚ್ಚು ಕೈಗಳು ಉಳಿದಿಲ್ಲ ಎಂದರ್ಥ. ಕೈಕೆಲಸದ ದಳ ಎಂದರೆ 20 ಮಂದಿ. ಪ್ರಯಾಣ ಬಿಟ್ಟು 14 ದಿನ ದುಡಿದರೆ ಕಡ್ಡಾಯ ವಿಶ್ರಾಂತಿ. ದಣಿದವರಿಂದಲೇ ಅವಘಡ ಆಗುವುದೆಂದು ಅವರು ನೋವಿನಿಂದ ಕಲಿತಿದ್ದಾರೆ. ಕೆನಡಾದಲ್ಲಿ ಇದೇ ಕೆಲಸ ವಿನಿಪೆಗ್‌ನಿಂದ ನಡೆಯುತ್ತದೆ. ಯುರೋಪಿನ ದೇಶಗಳು 2001ರಲ್ಲಿ ಇಂಥ ವ್ಯವಸ್ಥೆ ಮಾಡಿಕೊಂಡು 2019ರಲ್ಲಿ ಅದಕ್ಕೆ ವಿಮಾನಗಳ ಸಾಮಾನ್ಯ ದಾಸ್ತಾನನ್ನೂ ಸೇರಿಸಿದವು.

ನಮ್ಮಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಸ್ಥಳದಲ್ಲಿ ಯಾರ ಕೈಕೆಳಗೆ ಯಾರು ಎಂಬುದಕ್ಕೆ ರಾಷ್ಟ್ರೀಯ ಪ್ರಾಧಿಕಾರದ 2010ರ ಮಾರ್ಗಸೂಚಿ ಇದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟಾಗ ಸ್ವಯಂಸೇವಕರು ಸಿಬ್ಬಂದಿಯ ಜತೆ ನಿಂತರು, ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ತೊಟ್ಟಿಯಲ್ಲಿ ನೀರೆತ್ತಿ ಸುರಿದವು. ಅಂದರೆ ಮನಸ್ಸೂ ಇದೆ, ಕಾನೂನೂ ಇದೆ. ತಾಲೂಕು ತಾಲೂಕುಗಳ ನಡುವೆ "ನೀವು ಕೇಳಿದರೆ ನಾವು ಇಷ್ಟು ಜನ, ಇಷ್ಟು ಗಾಡಿ, ಇಷ್ಟು ಹೊತ್ತಿನಲ್ಲಿ" ಎಂದು ಬೇಸಗೆಗೆ ಮೊದಲೇ ಬರೆದಿಡುವುದು ನಮ್ಮಲ್ಲೂ ರೂಢಿಯಾಗಬೇಕು. ಹೆಬ್ರಿಯವರೂ ಆಗುಂಬೆಯವರೂ, ಮಾಳದವರೂ ಕೆರೆಕಟ್ಟೆಯವರೂ ಒಂದು ಮೇಜಿನ ಸುತ್ತ ಕೂತರೆ ಒಂದೇ ಮಧ್ಯಾಹ್ನದ ಕೆಲಸ.

ವೈರ್‌ಲೆಸ್ ಬಗ್ಗೆಯೂ ಅಂದೇ ತೀರ್ಮಾನಿಸಿ. ಒಂದು ಇಲಾಖೆಯ ಸೆಟ್ಟಿನಲ್ಲಿ ಇನ್ನೊಂದರ ಮಾತು ಸಿಗದಿರಬಹುದು, ಘಟ್ಟದ ಮಡಿಲಲ್ಲಿ ಮೊಬೈಲೂ ಸಿಗುವುದಿಲ್ಲ. ನೆರವಿಗೆ ಬಂದ ಪ್ರತಿ ಗುಂಪಿನ ಜತೆ ಸೆಟ್ ಹಿಡಿದ ಸ್ಥಳೀಯ ಸಿಬ್ಬಂದಿ ಒಬ್ಬರನ್ನು ಕಳಿಸಿದರೆ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ನೆರವಿಗೆ ಹೋದವರ ಊಟ, ಡೀಸೆಲ್ ಯಾರ ಖರ್ಚು? ಗಾಯವಾದರೆ? (ಬೈಂದೂರು, ಪಂಚಾಯತ್ ಸದಸ್ಯರು)

ಉತ್ತರ: ಹೋಗುವ ಮೊದಲು ಬರೆದಿಡದಿದ್ದರೆ ಜಗಳಕ್ಕೆ ಇದೇ ಕಾರಣ. 2016ರಲ್ಲಿ ಕೆನಡಾದ ಫೋರ್ಟ್ ಮೆಕ್‌ಮರ್ರಿ ಬೆಂಕಿಗೆ ದಕ್ಷಿಣ ಆಫ್ರಿಕಾದಿಂದ ಸುಮಾರು 300 ಮಂದಿ ಹೋದರು. ದಿನಭತ್ಯೆಯ ವಿಚಾರದಲ್ಲಿ ತಕರಾರು ಎದ್ದು, ಕೆಲಸ ನಿಂತು, ಬೇಗನೆ ಮರಳಿದರು. ನಮ್ಮ ಮಟ್ಟಿಗೆ ಸರಳ ನಿಯಮ ಸಾಕು. ಮೊದಲ 12 ಗಂಟೆಯ ನೀರು, ಊಟ, ಇಂಧನ ಹೋಗುವವರೇ ಒಯ್ಯಬೇಕು, ಆಮೇಲಿನದ್ದು ಕರೆದವರ ಹೊಣೆ. ಬೆಂಕಿಯಲ್ಲಿ ಮನೆ ಕಳೆದುಕೊಳ್ಳುವ ಭಯದಲ್ಲಿ ಇರುವವರ ಅಡಿಗೆಮನೆಗೆ ಮೂವತ್ತು ಮಂದಿ ಹೋಗಿ ಕೂರಬಾರದು. ತಲೆಗೆ ಗಂಟೆಗೆ ಒಂದು ಲೀಟರ್ ಕುಡಿಯುವ ನೀರು ಇಟ್ಟುಕೊಳ್ಳಿ. ಗಂಜಿಯ ತಿಳಿಗೆ ಉಪ್ಪು ಹಾಕಿ ತಂದರೆ ಇನ್ನೂ ಒಳ್ಳೆಯದು.

ವಿಮೆಗೆ, ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಬ್ಯಾಂಕ್ ಖಾತೆಯಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯೇ ನೋಡಿ. 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿಲ್ಲದೆ ಕಂತು ಕಡಿತವಾಗದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ. ಪಾಸ್‌ಬುಕ್ ತೆರೆದು ನೋಡದೆ ಇದೆ ಎಂದು ನಂಬಬೇಡಿ. ಹಾಜರಿ ಪುಸ್ತಕದಲ್ಲಿ ಹೆಸರು, ಸಮಯ ಇರಬೇಕು. ಪರಿಹಾರ ಕೇಳುವಾಗ ಅದೇ ಸಾಕ್ಷಿ.

ಪ್ರಶ್ನೆ: ಎದುರು ಬೆಂಕಿ ಕೊಟ್ಟರೆ ಬೇಗ ನಿಲ್ಲುತ್ತದೆ ಎನ್ನುತ್ತಾರೆ. ನಾವೇ ಕೊಡಬಹುದೇ? (ಮೂಡುಬಿದಿರೆ)

ಉತ್ತರ: ಬೇಡ. ಸ್ಥಳದ ಹೊಣೆ ಹೊತ್ತವರು ಹೇಳದೆ ಕಡ್ಡಿ ಗೀರಬೇಡಿ. ನೀವು ಕೊಟ್ಟ ಬೆಂಕಿ ಮತ್ತು ಬರುವ ಬೆಂಕಿಯ ನಡುವೆ ಇನ್ನೊಂದು ಊರಿನ ಗುಂಪು ಇರಬಹುದು. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಪ್ರಶ್ನೆ: ಸುಡುಮಣ್ಣು ಮಾಡುವಾಗ ನೆರೆಯವರಿಗೆ ತಿಳಿಸಬೇಕೇ? ಇದು ನಮ್ಮ ಜಾಗದ ಕೆಲಸ ತಾನೆ? (ಕಿನ್ನಿಗೋಳಿ)

ಉತ್ತರ: ತಿಳಿಸಬೇಕು. ಗೊಬ್ಬರಕ್ಕೆಂದು ತರಗೆಲೆ, ಕಡ್ಡಿಯ ಮೇಲೆ ಮಣ್ಣು ಮುಚ್ಚಿ ಸುಡುವ ಈ ಸುಡುಮಣ್ಣಿನ ರಾಶಿ ಎರಡು ಮೂರು ದಿನ ಒಳಗೊಳಗೇ ಬೇಯುತ್ತದೆ, ನೀವು ಮಲಗಿದಾಗಲೂ. ಸುತ್ತ ಮೂರು ಮೀಟರ್ ಹೆರೆದು, 200 ಲೀಟರ್ ನೀರು ಪಕ್ಕದಲ್ಲಿಟ್ಟು, ಮಧ್ಯಾಹ್ನದ ಗಾಳಿ ಏಳುವ ಮೊದಲು ಮಣ್ಣು ಮುಚ್ಚಿ. ಮಧ್ಯಾಹ್ನ ಪ್ರತಿ ದಿನ ಒಮ್ಮೆ ಹೋಗಿ ನೋಡಿ. ಪಕ್ಕದ ಮನೆಯವರಿಗೆ ಗೊತ್ತಿದ್ದರೆ, ಹೊಗೆ ಕಂಡಾಗ ಯಾವುದಕ್ಕೆ ಓಡಬೇಕು, ಯಾವುದಕ್ಕೆ ಬೇಡ ಎಂದು ಅವರಿಗೆ ತಿಳಿಯುತ್ತದೆ.

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಕಾಡಿನ ಬೆಂಕಿಗೆ ಕರೆ ಬಂದರೆ ನಮ್ಮ ತಂಡ ಹೋಗಲು ಸಿದ್ಧವಿದೆ. ಕರಾವಳಿಯವರು ವಿಶೇಷವಾಗಿ ನೋಡಿಕೊಳ್ಳಬೇಕಾದ್ದು ಏನಾದರೂ ಇದೆಯೇ? (ಉಡುಪಿ)

ಉತ್ತರ: ಬಟ್ಟೆ ಮತ್ತು ಉಣ್ಣಿ, ಎರಡು. ದಪ್ಪ ಹತ್ತಿಯ ಉದ್ದ ತೋಳಿನ ಅಂಗಿ, ಪ್ಯಾಂಟು, ಚರ್ಮದ ಬೂಟು ಹಾಕಿ. ಕ್ರೀಡಾ ತಂಡದ ಪಾಲಿಯೆಸ್ಟರ್ ಜೆರ್ಸಿ ಬೇಡ, ಕಾವಿಗೆ ಕರಗಿ ಮೈಗೆ ಅಂಟುತ್ತದೆ. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ ಬೂದಿ ತಡೆಯಬಹುದು, ಹೊಗೆಯ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ತಲೆನೋವು, ಮಂಕು ಬಂದವರನ್ನು ತಕ್ಷಣ ಶುದ್ಧ ಗಾಳಿಗೆ ಇಳಿಸಿ.

ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲವೂ ಕಾಡ್ಗಿಚ್ಚಿನ ಕಾಲವೂ ಒಂದೇ, ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಆ ಕಾಯಿಲೆ ಮೊದಲು ಗುರುತಾದದ್ದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಹತ್ತುವ ಮೊದಲು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣ್ಣಿ ದೂರವಿಡುವ ಡೆಪಾ ಎಣ್ಣೆ ಕೇಳಿ ಕೈಕಾಲಿಗೆ ಹಚ್ಚಿಕೊಳ್ಳಿ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ. ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಮರಳಿದ ದಿನವೇ ಬಿಸಿನೀರಿನಲ್ಲಿ ಮಿಂದು, ಹಾಕಿದ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಆಮೇಲಿನ ಎರಡು ವಾರದೊಳಗೆ ಯಾರಿಗಾದರೂ ಜ್ವರ, ಮೈಕೈ ನೋವು ಬಂದರೆ ಘಟ್ಟದ ಮೇಲಿನ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲು ಹೇಳಬೇಕು. ಉಡುಪಿಯ ಆಸ್ಪತ್ರೆಯಲ್ಲಿ ಅದನ್ನು ಅವರಾಗಿ ಊಹಿಸಿಕೊಳ್ಳಲು ದಾರಿಯಿಲ್ಲ.